ಹೆರಿಗೆ ರಜೆಯ ವೇತನವನ್ನು ಸರ್ಕಾರವೇ ಭರಿಸಬೇಕೆ?

ಮಾನ್ಯರೇ, ಸಾಗರದಲ್ಲಿ ಹನ್ನೆರಡು ಮಂದಿಯ ಹೊಲಿಗೆ ಘಟಕ ನಡೆಸುವ ತಾವು, ಹೆರಿಗೆ ರಜೆಯ ವೇತನವನ್ನು ಸರ್ಕಾರವೇ ಏಕೆ ಭರಿಸಬಾರದೆಂದು ಕೇಳಿದ್ದೀರಿ. ಭರಿಸಬೇಕೆಂಬುದೇ ನನ್ನ ಅಭಿಪ್ರಾಯ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತಾದರೂ, ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಸೇರದ ನೌಕರರ ಮಟ್ಟಿಗೆ ಪೂರ್ಣ ಹೊರೆಯನ್ನು ಮಾಲೀಕರ ಮೇಲೆಯೇ ಬಿಟ್ಟಿದ್ದರಿಂದ, ಹೊಸದಾಗಿ ಮದುವೆಯಾದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಸಣ್ಣ ಮಾಲೀಕರು ಹಿಂಜರಿಯುತ್ತಾರೆ (ಬಾಯಿಬಿಟ್ಟು ಒಪ್ಪುವವರು ಕಡಿಮೆ). ಆದರೆ ಸರ್ಕಾರದ ಹಣ ತಮ್ಮ ಘಟಕಕ್ಕಿಂತ ಮೊದಲು ತಲುಪಬೇಕಾದದ್ದು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿದು, ಸುಲಿದಷ್ಟಕ್ಕೆ ಮಾತ್ರ ಕೂಲಿ ಪಡೆಯುವ ಹೆಂಗಸರಿಗೆ. ಅವರಿಗೆ ವೇತನಸಹಿತ ರಜೆಯೆಂಬುದೇ ಇಲ್ಲ, ಮಾತೃವಂದನಾ ಯೋಜನೆಯಡಿ ಮೊದಲ ಮಗುವಿಗೆ ದೊರೆಯುವ 5,000 ರೂಪಾಯಿ ಅವರ ಕೆಲವೇ ವಾರಗಳ ಕೂಲಿಗೆ ಸಮ.