ಗೀಜಗಕ್ಕೆ ಗಂಟು ಕಲಿಸಿದವರು ಯಾರು?

ಪತ್ರ: ಕಳೆದ ಸಂಚಿಕೆಯಲ್ಲಿ ಬ್ರಿಟಿಷ್ ಜೀವವಿಜ್ಞಾನಿ ರೂಪರ್ಟ್ ಶೆಲ್ಡ್ರೇಕ್ ಕುರಿತ ಲೇಖನ ಓದಿದೆ. ನಿಸರ್ಗಕ್ಕೊಂದು ಸಾಮೂಹಿಕ ನೆನಪಿದೆ, ಒಂದೆಡೆ ಕಲಿತದ್ದು ಬೇರೆಡೆಯ ಅದೇ ಜಾತಿಯ ಜೀವಿಗೆ ಸುಲಭವಾಗುತ್ತದೆ ಎನ್ನುವುದು ವಿಜ್ಞಾನವಲ್ಲ, ಪುರಾಣ. ಮಕ್ಕಳೂ ಓದುವ ಪತ್ರಿಕೆಯಲ್ಲಿ ಇದು ಬೇಕಿತ್ತೇ?
- ನಿವೃತ್ತ ವಿಜ್ಞಾನ ಶಿಕ್ಷಕ, ಇಂಡಿ

ಉತ್ತರ: ಗುರುಗಳೇ, ಪುರಾವೆ ಸಾಲದು ಎನ್ನುತ್ತೀರಿ, ಒಪ್ಪಿದೆ. ಬಹುಪಾಲು ವಿಜ್ಞಾನಿಗಳೂ ಹಾಗೆಯೇ ಹೇಳುತ್ತಾರೆ. ಆದರೆ ಪುರಾಣ ಎಂದು ಕೈತೊಳೆದುಕೊಳ್ಳುವ ಮೊದಲು ಆತ ಯಾರೆಂದು ನೋಡಿ. 1970ರ ದಶಕದಲ್ಲಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ತೊಗರಿ, ಕಡಲೆ ಗಿಡಗಳನ್ನು ಅಭ್ಯಾಸ ಮಾಡಿದವರು. ನಿಮ್ಮ ತಾಲ್ಲೂಕಿನ ಹೊಲದಲ್ಲಿ ನಿಂತಿರುವ ಅದೇ ತೊಗರಿ!

ಹಾರ್ವರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞ ಮೆಕ್‌ಡೂಗಲ್ ಇಲಿಗಳನ್ನು ನೀರಿನ ತೊಟ್ಟಿಗೆ ಬಿಟ್ಟು ದಾರಿ ಕಲಿಸಿದರು. ತಲೆಮಾರು ಕಳೆದಂತೆ ತಪ್ಪುಗಳು ಕಡಿಮೆಯಾದವು. ಆಸ್ಟ್ರೇಲಿಯಾದಲ್ಲಿ ಪ್ರಾಣಿವಿಜ್ಞಾನಿ ಏಗರ್ ಅದನ್ನೇ ಮಾಡಿ ನೋಡಿದರೆ, ತರಬೇತಿಯ ಗಂಧವೇ ಇಲ್ಲದ ವಂಶದ ಇಲಿಗಳೂ ಸುಧಾರಿಸಿದ್ದವು. ಹಾಗಾದರೆ ಇದು ಆನುವಂಶಿಕತೆಯಲ್ಲ ಎಂದು ಪಂಡಿತರು ಕಡತ ಮುಚ್ಚಿದರು. ಒಂದೆಡೆಯ ಇಲಿ ಕಲಿತದ್ದು ಬೇರೆಡೆಯ ಇಲಿಗೂ ತಲುಪಿತೇ ಎಂದು ಕೇಳಿ ಅದನ್ನು ಮತ್ತೆ ಬಿಚ್ಚಿದವರು ಶೆಲ್ಡ್ರೇಕ್. 1981ರಲ್ಲಿ ಅವರ ಪುಸ್ತಕ ಬಂದಾಗ 'ನೇಚರ್' ವಿಜ್ಞಾನ ಪತ್ರಿಕೆಯ ಸಂಪಾದಕ ಜಾನ್ ಮ್ಯಾಡಕ್ಸ್, ಇದು ಸುಡಬೇಕಾದ ಪುಸ್ತಕವೇ ಎಂಬ ತಲೆಬರಹ ಕೊಟ್ಟರು. ನಾನೂ ಸಂಪಾದಕನೇ, ಎಷ್ಟೋ ಬರಹಗಳನ್ನು ತಿರಸ್ಕರಿಸಿದ್ದೇನೆ. ಬೆಂಕಿಪೆಟ್ಟಿಗೆ ಮಾತ್ರ ನೆನಪಾಗಿರಲಿಲ್ಲ.

ನಮ್ಮ ಹೊಲದ ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಪ್ರತಿ ಮಳೆಗಾಲ ಗೀಜಗಗಳು ಗೂಡು ಕಟ್ಟುತ್ತವೆ. ಗಂಡು ಹಕ್ಕಿ ಹುಲ್ಲಿನ ಗರಿಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ, ಸರ್ರನೆ ಉದ್ದಕ್ಕೆ ಸೀಳಿ, ಟೊಂಗೆಗೆ ಸುತ್ತಿ, ತುದಿಯನ್ನು ಒಳಗಿನಿಂದ ಎಳೆದು ಬಿಗಿಯುತ್ತದೆ. ಎಳೆಯ ಗಂಡಿನ ಮೊದಲ ಗೂಡು ಹರಕುಮುರುಕು, ಅದೂ ಅಭ್ಯಾಸದಿಂದಲೇ ಪಳಗುತ್ತದೆ ಎನ್ನಬಹುದು ನೀವು, ಸರಿ. ಆದರೆ ಅಭ್ಯಾಸ ಯಾವುದರದ್ದು ಎಂಬುದು ಅದಕ್ಕೆ ಹೇಗೆ ಗೊತ್ತು? ಏಳನೆಯ ತರಗತಿಯಲ್ಲಿ ಇದನ್ನೇ ಕೇಳಿದ್ದಕ್ಕೆ, ಪರೀಕ್ಷೆಗೆ ಬರುವುದನ್ನು ಮಾತ್ರ ಕೇಳು ಎಂದು ಮಾಸ್ತರರೊಬ್ಬರು ನನ್ನ ಅಂಗೈಗೆ ಬೆತ್ತದಲ್ಲಿ ಉತ್ತರ ಕೊಟ್ಟಿದ್ದರು. (ನೀವಲ್ಲ, ಗಾಬರಿಯಾಗಬೇಡಿ.)

ಈಗ ಬೆತ್ತ ಹೋಗಿದೆ, ಗೈಡು ಬಂದಿದೆ. ಪ್ರಶ್ನೆಯೂ ಅದರಲ್ಲೇ, ಉತ್ತರವೂ ಅದರಲ್ಲೇ. ಮಕ್ಕಳ ದಾರಿ ತಪ್ಪಿಸುತ್ತಿರುವವರು ಯಾರು, ಗುರುಗಳೇ? ಮಳೆ ಹಿಡಿದ ಮೇಲೆ ಒಮ್ಮೆ ಬನ್ನಿ, ಬಾವಿಯ ಕಟ್ಟೆಯ ಮೇಲೆ ಕುಳಿತು ಜಗಳ ಮುಂದುವರಿಸೋಣ. ಬರುವಾಗ ನಿಮ್ಮೂರಿನ ನಿಂಬೆಯ ಉಪ್ಪಿನಕಾಯಿ ಮರೆಯಬೇಡಿ, ರೊಟ್ಟಿ ನಮ್ಮದು.