ಗರ್ಭಕೋಶದಲ್ಲಿ ಪಾಲಿಪ್ ಇದೆ ಅಂದ್ರೆ ಗರ್ಭಕೋಶನೇ ತೆಗೆಸ್ಬೇಕಾ?

ನಿಮಗೆ 38 ವರ್ಷ, ಎರಡು ಮುಟ್ಟಿನ ಮಧ್ಯೆ ಬ್ಲೀಡಿಂಗ್ ಆಗ್ತಿದೆ, ಸ್ಕ್ಯಾನಿಂಗಲ್ಲಿ 14 ಎಂಎಂ ಪಾಲಿಪ್ ಅಂತ ಬಂದಿದೆ, ಇನ್ನೊಂದು ಮಗು ಬೇಕು ಅನ್ನೋ ಆಸೆನೂ ಇದೆ, ಇದು ಕ್ಯಾನ್ಸರಾ, ಗರ್ಭಕೋಶ ತೆಗೆಸ್ಬೇಕಾ ಅಂತ ಕೇಳಿದೀರ. ನಾನು ಡಾಕ್ಟರಲ್ಲ, ಆದ್ರೆ ಇದನ್ನೆಲ್ಲ ಅನುಭವಿಸಿದೋಳು. ಗಾಬರಿ ಬೇಡ, ಮತ್ತೆ ಗರ್ಭಕೋಶ ತೆಗೆಸೋ ಪೇಪರಿಗೆ ಈಗ್ಲೇ ಸೈನ್ ಹಾಕ್ಬೇಡಿ.

ನನಗಾಗ 43. ಮುಟ್ಟು ಒಂಬತ್ತು ಹತ್ತು ದಿನ ಹೋಗ್ತಿತ್ತು, ನಿಂತು ವಾರ ಆಗಿರಲ್ಲ, ಮತ್ತೆ ಕಂದು ಕಂದಾಗಿ ಕಲೆ. ನಿಲ್ಲೋ ವಯಸ್ಸಲ್ವಾ ಹಾಗೇ ಆಗುತ್ತೆ ಅಂತ ಅತ್ತೆ ಅಂದ್ರು, ನಾನೂ ಹೌದು ಅಂದ್ಕೊಂಡೆ, ಎಂಟು ತಿಂಗಳು ಹಂಗೇ ತಳ್ಳಿದೆ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋಕೆ ಶುರುವಾದ್ಮೇಲೆ ರಕ್ತ ಟೆಸ್ಟ್ ಮಾಡಿಸಿದ್ರೆ ಎಚ್‌ಬಿ (ಹಿಮೋಗ್ಲೋಬಿನ್) ಬರೀ 7.8! ಮೊದಲು ಹೋದ ನರ್ಸಿಂಗ್ ಹೋಮಲ್ಲಿ ಒಂದು ಸ್ಕ್ಯಾನ್ ನೋಡಿ "ಗೆಡ್ಡೆ ಇದೆ, ಮಕ್ಕಳಾಗಿದಾವಲ್ಲ, ತೆಗೆಸಿಬಿಡಿ" ಅಂದ್ರು. ನಮ್ಮ ಚಿಕ್ಕಮ್ಮಂಗೆ 34ಕ್ಕೇ ಬಿಳಿಮುಟ್ಟು ಅಂತ ತೆಗೆಸಿದ್ರು, ಅವರು ಆಮೇಲೆ ಪಟ್ಟ ಪಾಡು ನೋಡಿದ್ದೆ, ಅದಕ್ಕೆ ಎದ್ದು ಬಂದ್ಬಿಟ್ಟೆ. (ಬೇಕಿಲ್ದೇ ಇದ್ರೂ ಗರ್ಭಕೋಶ ತೆಗೆಯೋದನ್ನ ತಡೀರಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ, ಅಷ್ಟು ಕಾಮನ್ ಇದು.)

ಎರಡನೇ ಡಾಕ್ಟರಮ್ಮ ಕೂರಿಸಿ ವಿವರಿಸಿದ್ರು. ಗರ್ಭಕೋಶದ ಒಳಪದರ ತಿಂಗಳು ತಿಂಗಳು ಬೆಳೆದು ಉದುರುತ್ತಲ್ಲ, ಒಂದು ಜಾಗದಲ್ಲಿ ಉದುರದೆ ಬೆಳೀತಾನೇ ಹೋಗಿ, ತನ್ನದೇ ಒಂದು ರಕ್ತನಾಳ ಇಟ್ಕೊಂಡು, ಕಿವಿ ಹಾಲೆ ಥರ ಮೆತ್ತಗೆ ನಿಂತ್ಬಿಡುತ್ತೆ, ಅದೇ ಪಾಲಿಪ್. ಫೈಬ್ರಾಯ್ಡ್ ಬೇರೆ, ಅದು ಸ್ನಾಯುವಿನ ಗಟ್ಟಿ ಗೆಡ್ಡೆ, ನಮ್ ಕಡೆ ಎರಡಕ್ಕೂ ಗೆಡ್ಡೆ ಅಂತಾನೇ ಅಂದು ಗೊಂದಲ ಮಾಡ್ತಾರೆ. ಪಾಲಿಪ್ ಬೆಳೆಸೋದು ಈಸ್ಟ್ರೋಜನ್ ಹಾರ್ಮೋನು, ತೂಕ ಜಾಸ್ತಿ ಇರೋರಿಗೆ, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ಳೋರಿಗೆ ಜಾಸ್ತಿ.

ಕ್ಯಾನ್ಸರ್ ವಿಷಯ. ಪಾಲಿಪ್ ಕ್ಯಾನ್ಸರ್ ಆಗಿರೋದು, ಮುಟ್ಟು ಇನ್ನೂ ಆಗ್ತಿರೋರಲ್ಲಿ ನೂರಕ್ಕೆ ಒಂದೋ ಎರಡೋ, ಮುಟ್ಟು ಪೂರ್ತಿ ನಿಂತ ಮೇಲೆ ಬ್ಲೀಡಿಂಗ್ ಆಗೋರಲ್ಲಿ ಹೆಚ್ಚುಕಮ್ಮಿ ಐದು. ಸ್ಕ್ಯಾನ್ ನೋಡಿ ಯಾರೂ ಖಚಿತವಾಗಿ ಹೇಳೋಕಾಗಲ್ಲ, ತೆಗೆದಿದ್ದನ್ನ ಬಯಾಪ್ಸಿಗೆ (ಕ್ಯಾನ್ಸರ್ ಇದೆಯಾ ಅಂತ ಲ್ಯಾಬಲ್ಲಿ ನೋಡೋ ಪರೀಕ್ಷೆಗೆ) ಕಳಿಸ್ಲೇಬೇಕು. ಹಾಗೇ ನಿಮ್ಮಮ್ಮಂಗೋ ಅತ್ತೆಗೋ ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ಕಂಡ್ರೂ ಕರ್ಕೊಂಡು ಹೋಗಿ, ಅವರಾಗೇ ಹೇಳಲ್ಲ.

1 ಸೆಂ.ಮೀ.ಗಿಂತ ಚಿಕ್ಕದಿದ್ದು ತೊಂದ್ರೆ ಇಲ್ದಿದ್ರೆ ಕಾದು ನೋಡ್ತಾರೆ, ಕೆಲವು ತಾನಾಗೇ ಹೋಗ್ತಾವೆ. ನಿಮ್ದು 14 ಎಂಎಂ, ಬ್ಲೀಡಿಂಗ್ ಬೇರೆ, ಮಗುನೂ ಬೇಕು, ಹಾಗಾಗಿ ಬಹುಶಃ ತೆಗೆಸೋಕೇ ಹೇಳ್ತಾರೆ. ಸ್ಪೇನಲ್ಲಿ ಐಯುಐ (ಮಗು ಆಗ್ಲಿ ಅಂತ ವೀರ್ಯವನ್ನ ನೇರವಾಗಿ ಗರ್ಭಕೋಶಕ್ಕೆ ಬಿಡೋ ಚಿಕಿತ್ಸೆ) ಮಾಡಿಸ್ಕೊಳ್ಳೋಕೆ ಬಂದಿದ್ದ ಇನ್ನೂರು ಚಿಲ್ಲರೆ ಹೆಂಗಸರ ಮೇಲೆ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಪಾಲಿಪ್ ತೆಗೆಸಿದೋರಲ್ಲಿ ಸುಮಾರು 63% ಬಸುರಾದ್ರು, ತೆಗೆಸದೆ ಇದ್ದೋರಲ್ಲಿ 28%.

ಕೇಳ್ಬೇಕಾದ್ದು ಹಿಸ್ಟರೋಸ್ಕೋಪಿ. ಕೆಳಗಿಂದ್ಲೇ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ಕೊಂಡು ಬುಡದಿಂದ ಕತ್ತರಿಸ್ತಾರೆ, ಹೊಟ್ಟೆ ಕೊಯ್ಯಲ್ಲ, ಹೊಲಿಗೆ ಇಲ್ಲ, ನಾನು ಬೆಳಗ್ಗೆ ಹೋಗಿ ಸಾಯಂಕಾಲ ಮನೇಲಿ ಚಪಾತಿ ತಿಂದೆ. ಕ್ಯಾಮೆರಾ ಇಲ್ದೆ ಬರೀ "ಕ್ಲೀನ್ ಮಾಡ್ತೀವಿ" ಅಂತ ಡಿ ಅಂಡ್ ಸಿ ಮಾಡಿದ್ರೆ ಕಣ್ಣು ಮುಚ್ಚಿ ಕೆರೆದ ಹಾಗೆ, ಪಾಲಿಪ್ ಅಲ್ಲೇ ಉಳಿಯೋ ಚಾನ್ಸ್ ಇದೆ. ಸ್ಕ್ಯಾನ್ ಮತ್ತೆ ಮಾಡ್ಸೋದಾದ್ರೆ ಆ ತಿಂಗಳ ಮುಟ್ಟು ಮುಗಿದ ಕೂಡ್ಲೇ ಮಾಡ್ಸಿ, ಆಗ ಪದರ ತೆಳ್ಳಗಿರುತ್ತೆ, ಆಮೇಲಾದ್ರೆ ಅದು ದಪ್ಪ ಆಗಿ ಪಾಲಿಪ್ ಮರೆಯಾಗುತ್ತೆ, ಇಲ್ಲಾ ಇಲ್ದಿರೋದು ಇದೆ ಅನ್ಸುತ್ತೆ.

ನನ್ನ ಬಯಾಪ್ಸಿ ರಿಪೋರ್ಟ್ ಬರೋಕೆ ಒಂದು ವಾರ ಆಯ್ತು, ಆ ವಾರ ನಿದ್ದೆ ಮಾಡ್ಲಿಲ್ಲ, ಸಾಧಾರಣ ಪಾಲಿಪ್ ಅಷ್ಟೇ ಅಂತ ಬಂತು. ಕೆಲವರಿಗೆ ಮತ್ತೆ ಬೆಳೆಯುತ್ತಂತೆ, ನನಗೆ ಇಲ್ಲೀತನಕ ಇಲ್ಲ. ಒಂದೇ ಒಂದು, ಎಚ್‌ಬಿ ಕಡಿಮೆ ಇದ್ದು ಕಬ್ಬಿಣದ ಮಾತ್ರೆ ಕೊಟ್ರೆ ಟೀ ಕಾಫಿ ಜೊತೆ ನುಂಗ್ಬೇಡಿ, ನಾನು ಎರಡು ತಿಂಗಳು ಹಂಗೇ ಮಾಡಿ ಎಚ್‌ಬಿ 8 ದಾಟ್ಲೇ ಇಲ್ಲ, ಡಾಕ್ಟರಮ್ಮನ ಹತ್ರ ಬೈಸ್ಕೊಂಡೆ.