ಹೊಸ ಔಷಧ ಬರುವವರೆಗೆ ಕೂದಲು ಕಾಯುವುದಿಲ್ಲ

ಕೂದಲು ಉದುರುವ ಬಗ್ಗೆ ಬರುವ ಪ್ರಶ್ನೆಗಳ ಧಾಟಿ ಈಚೆಗೆ ಬದಲಾಗಿದೆ. ಮೊದಲೆಲ್ಲ 'ಯಾವ ಎಣ್ಣೆ ಹಚ್ಚಲಿ' ಎಂದು ಕೇಳುತ್ತಿದ್ದರು. ಈಗ 'ಅಮೆರಿಕದಲ್ಲಿ ಹೊಸ ಔಷಧ ಬಂದಿದೆಯಂತೆ, ಎಲ್ಲಿ ಸಿಗುತ್ತೆ' ಎಂದು ಕೇಳುತ್ತಾರೆ. ಒಂದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಕೂದಲ ಬುಡವನ್ನು ಕುಗ್ಗಿಸುವ ಡಿಎಚ್‌ಟಿ ಎಂಬ ಗಂಡು ಹಾರ್ಮೋನು ಹೇಗೆ ಕೆಲಸ ಮಾಡುತ್ತದೆ, ಅಪ್ಪನ ಬೋಳು ಮಗನಿಗೆ ಹೇಗೆ ಬರುತ್ತದೆ ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನಗೆ 27 ವರ್ಷ. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಹಣೆಯ ಎರಡೂ ಮೂಲೆ ಹಿಂದೆ ಸರಿದಿವೆ. ಪಿಪಿ405 ಎಂಬ ಔಷಧ ಇನ್ನೆರಡು ವರ್ಷದಲ್ಲಿ ಬರುತ್ತದಂತೆ. ಮಿನಾಕ್ಸಿಡಿಲ್ ಶುರು ಮಾಡಿದರೆ ಜೀವನಪೂರ್ತಿ ಹಚ್ಚಬೇಕು ಅಂತಾರೆ, ಅದಕ್ಕೇ ಕಾಯುತ್ತಿದ್ದೇನೆ. ಟೆಲಿಗ್ರಾಂ ಗುಂಪೊಂದರಲ್ಲಿ ಅದರ ಪುಡಿ ಈಗಲೇ ಸಿಗುತ್ತಿದೆ. ತರಿಸಲೇ? – ದಾವಣಗೆರೆಯ ಓದುಗ

ಉತ್ತರ: ತರಿಸಬೇಡಿ. ಕಾಯಲೂ ಬೇಡಿ.

ಪಿಪಿ405 ಬರೀ ಗಾಳಿಸುದ್ದಿಯಲ್ಲ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹುಟ್ಟಿದ ಆಲೋಚನೆ ಅದು. ನಮ್ಮ ಜೀವಕೋಶಗಳಲ್ಲಿ, ಸಕ್ಕರೆ ಒಡೆದಾಗ ಸಿಗುವ ಪೈರುವೇಟನ್ನು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಒಳಗೆ ಸಾಗಿಸುವ ಒಂದು ಪ್ರೋಟೀನ್ ಇದೆ. ಅದನ್ನು ತಡೆದರೆ ಕೂದಲ ಬುಡದ ಕಾಂಡಕೋಶಗಳಲ್ಲಿ (ಸ್ಟೆಮ್ ಸೆಲ್) ಪೈರುವೇಟಿನಿಂದಾಗುವ ಲ್ಯಾಕ್ಟೇಟ್ ಹೆಚ್ಚಿ, ಮಲಗಿದ್ದ ಕೋಶಗಳು ಏಳುತ್ತವೆ ಎಂಬುದು ಅದರ ತರ್ಕ. 2017ರಲ್ಲಿ ಇಲಿಗಳ ಮೇಲೆ ಇದು ಸಾಬೀತಾಯಿತು. ಪೆಲೇಜ್ ಎಂಬ ಕಂಪನಿ ಜೆಲ್ ತಯಾರಿಸಿ 78 ಜನರ ಮೇಲೆ ನಡೆಸಿದ ಎರಡನೇ ಹಂತದ ಮೊದಲ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂತು. ಹೆಚ್ಚು ಕೂದಲು ಕಳೆದುಕೊಂಡಿದ್ದ ಗಂಡಸರಲ್ಲಿ 31% ಮಂದಿಗೆ ಎಂಟನೇ ವಾರದ ಹೊತ್ತಿಗೆ ಕೂದಲ ಸಾಂದ್ರತೆ 20%ಕ್ಕಿಂತ ಹೆಚ್ಚಿತ್ತು. ಔಷಧವಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಅಷ್ಟು ಯಾರಿಗೂ ಹೆಚ್ಚಲಿಲ್ಲ. ನನಗೂ ಇದು ಆಸೆ ಹುಟ್ಟಿಸುವ ಫಲಿತಾಂಶವೇ.

ಈಗ ಅದೇ ಅಂಕಿಯನ್ನು ಹತ್ತಿರದಿಂದ ನೋಡಿ. 78 ಜನರಲ್ಲಿ ಔಷಧ ಸಿಕ್ಕವರು ಕೆಲವರು, ಅವರಲ್ಲಿ ಹೆಚ್ಚು ಬೋಳಾಗಿದ್ದ ಗಂಡಸರು ಇನ್ನೂ ಕೆಲವರು, ಅವರಲ್ಲಿ ಮೂರರಲ್ಲೊಂದು ಭಾಗ. ಉಳಿದ ಎರಡು ಭಾಗಕ್ಕೆ ಅಷ್ಟು ಫಲ ಸಿಗಲಿಲ್ಲ. ದಟ್ಟ ಕೂದಲಿನ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 150ರಿಂದ 200 ಕೂದಲಿರುತ್ತವೆ. ನಿಮ್ಮ ನೆತ್ತಿಯಲ್ಲಿ 80ಕ್ಕೆ ಇಳಿದಿದೆ ಎಂದುಕೊಳ್ಳಿ. 20% ಹೆಚ್ಚಿದರೆ 96. ಕನ್ನಡಿಯಲ್ಲಿ ಅದು ಕಂಡರೂ ಕಾಣಬಹುದು, ಕಾಣದೆಯೂ ಇರಬಹುದು. ಆ ಪ್ರಯೋಗದ ಮುಖ್ಯ ಉದ್ದೇಶ ಸುರಕ್ಷತೆಯ ಪರೀಕ್ಷೆ. ಒಂದು ವರ್ಷ ಹಚ್ಚಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಂಟು ವಾರದಲ್ಲಿ ಉತ್ತರ ಸಿಗುವುದಿಲ್ಲ.

ಶೇಕಡಾವಾರು ಲೆಕ್ಕದ ಇನ್ನೊಂದು ಬಲೆ ಕ್ಲಾಸ್ಕೊಟೆರೋನ್. ಮೊಡವೆಗೆ ಹಚ್ಚುವ 1% ಕ್ರೀಮ್ ಆಗಿ 2020ರಿಂದ ಅಮೆರಿಕದಲ್ಲಿ ಮಾನ್ಯವಾಗಿರುವ ಔಷಧವಿದು. ತಲೆಗೆ ಹಚ್ಚುವ 5% ದ್ರಾವಣದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶವನ್ನು 2025ರ ಡಿಸೆಂಬರಿನಲ್ಲಿ ಪ್ರಕಟಿಸಿದಾಗ ಒಂದರಲ್ಲಿ 539%, ಇನ್ನೊಂದರಲ್ಲಿ 168% ಸುಧಾರಣೆ ಎಂದರು. ಮರುದಿನವೇ ವಾಟ್ಸ್ಯಾಪಿನಲ್ಲಿ 'ಐದು ಪಟ್ಟು ಕೂದಲು' ಎಂದು ಹರಡಿತು. ಆ ಅಂಕಿ ಔಷಧವಿಲ್ಲದ ಗುಂಪಿಗೆ ಹೋಲಿಸಿದ್ದು. ಉದಾಹರಣೆಗೆ, ಆ ಗುಂಪಿನಲ್ಲಿ ಚದರ ಸೆಂಟಿಮೀಟರಿಗೆ ಒಂದು ಕೂದಲು ಹೆಚ್ಚಾಗಿ, ಔಷಧದ ಗುಂಪಿನಲ್ಲಿ ಆರು ಹೆಚ್ಚಾದರೆ ಅದೂ 500%ವೇ. 'ಎಷ್ಟು ಪರ್ಸೆಂಟ್' ಎಂಬುದನ್ನು ಬಿಡಿ, 'ಎಷ್ಟು ಕೂದಲು' ಎಂದು ಕೇಳಿ. ಎರಡು ಪ್ರಯೋಗಗಳ ನಡುವೆ ಇಷ್ಟು ಅಂತರ ಯಾಕೆ ಎಂದೂ ಕೇಳಿ.

ಪುಡಿಯ ವಿಚಾರ. ಪ್ರಯೋಗದಲ್ಲಿ ಬಳಸಿದ ಜೆಲ್ 0.05%. ಅಂದರೆ 50 ಎಂಎಲ್‌ಗೆ 25 ಮಿಲಿಗ್ರಾಂ. ಆನ್‌ಲೈನಿನಲ್ಲಿ ಸಿಗುವ ಪುಟ್ಟ ತಕ್ಕಡಿಗಳು ಹೆಚ್ಚಿನವು 10 ಮಿಲಿಗ್ರಾಂ ಅಂತರದಲ್ಲಿ ತೂಗುತ್ತವೆ. 25 ತೂಗಲು ಹೊರಟರೆ 15 ಬಿದ್ದಿದೆಯೋ 35 ಬಿದ್ದಿದೆಯೋ ತಿಳಿಯುವುದಿಲ್ಲ. ಮಾರುವವರು ಕಳಿಸುವ '98% ಶುದ್ಧ' ಎಂಬ ಪಿಡಿಎಫ್ ಯಾವ ಬ್ಯಾಚಿನದ್ದೋ ಗೊತ್ತಿರುವುದಿಲ್ಲ, ಉಳಿದ 2% ಏನೆಂದು ಅದರಲ್ಲಿ ಬರೆದಿರುವುದಿಲ್ಲ. ಆಲ್ಕೊಹಾಲು, ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿ ಮನೆಯಲ್ಲೇ ದ್ರಾವಣ ಮಾಡಿದರೆ ಕರಗದ ಪುಡಿ ತಳದಲ್ಲಿ ಕೂರುತ್ತದೆ, ನೆತ್ತಿ ಕೆರೆದು ಕೆಂಪಾಗುತ್ತದೆ. ಆ ಉರಿಯೂತದಿಂದಲೇ ಇನ್ನಷ್ಟು ಕೂದಲು ಉದುರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಡರ್ಮಾರೋಲರ್. ಆ ಗುಂಪುಗಳಲ್ಲಿ ಮೊದಲು ಸೂಜಿ ರೋಲರ್ ಆಡಿಸಿ ಆಮೇಲೆ ಪುಡಿಯ ದ್ರಾವಣ ಹಚ್ಚಿ ಎಂದು ಹೇಳಿಕೊಡುತ್ತಿದ್ದಾರೆ. ಪಿಪಿ405 ರಕ್ತದಲ್ಲಿ ಪತ್ತೆಯಾಗಲಿಲ್ಲ ಎಂಬ ಭರವಸೆಯ ಮಾತು ಗಾಯವಿಲ್ಲದ ನೆತ್ತಿಗೆ ಜೆಲ್ ಹಚ್ಚಿದ್ದಕ್ಕೆ ಸಂಬಂಧಿಸಿದ್ದು. ಚರ್ಮಕ್ಕೆ ತೂತು ಮಾಡಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ. ಈ ಔಷಧ ತಡೆಯುವ ಪ್ರೋಟೀನು ಹೃದಯ, ಯಕೃತ್ತು, ಮಿದುಳು ಎಲ್ಲದರಲ್ಲೂ ಇದೆ. ಇದೇ ಗುಂಪುಗಳು ಕೂದಲಿಗೆಂದು ಪರೀಕ್ಷಿಸಿದ ಇನ್ನೊಂದು ಔಷಧ ಕೆಎಕ್ಸ್826ರ ಪುಡಿಯನ್ನೂ ಮಾರುತ್ತವೆ; 2023ರಲ್ಲಿ ಚೀನಾದ ಮೂರನೇ ಹಂತದ ಪ್ರಯೋಗದಲ್ಲಿ ಅದು ಔಷಧವಿಲ್ಲದ ದ್ರಾವಣಕ್ಕಿಂತ ಗಣನೀಯವಾಗಿ ಮೇಲೆನಿಸಲಿಲ್ಲ.

ಇನ್ನು 'ಕಾಯುತ್ತೇನೆ' ಎಂಬ ಮಾತು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದರೆ ನಿಮ್ಮಂಥವರ ನೆತ್ತಿಯಲ್ಲಿ ಒಂದು ದಪ್ಪ ಕೂದಲಿನ ಪಕ್ಕದಲ್ಲೇ ಎರಡು ಸಣ್ಣ, ಬಣ್ಣಗೆಟ್ಟ ಎಳೆಗಳು ಕಾಣುತ್ತವೆ. ಈ ಸಣ್ಣ ಎಳೆಗಳನ್ನೇ ಉಳಿಸಿಕೊಳ್ಳಬೇಕಾದ್ದು. ಇವು ಹೋಗಿ ಚರ್ಮ ನುಣ್ಣಗೆ ಹೊಳೆಯಲು ಶುರುವಾದ ಮೇಲೆ ಈಗಿನ ಔಷಧವೂ ಕೈಹಿಡಿಯುವುದಿಲ್ಲ, ಮುಂದೆ ಬರುವ ಔಷಧ ಹಿಡಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಪಿಪಿ405 ಮಲಗಿದ ಕೋಶವನ್ನು ಎಬ್ಬಿಸಲು ಹೊರಟಿದೆ. ಇಲ್ಲದ ಕೋಶವನ್ನು ಹುಟ್ಟಿಸುವುದು ಬೇರೆಯೇ ಕೆಲಸ.

ಈಗ ಮಾಡಬೇಕಾದ್ದು: 5% ಮಿನಾಕ್ಸಿಡಿಲ್, 1 ಎಂಎಲ್, ದಿನಕ್ಕೆರಡು ಸಲ. ತಲೆ ಪೂರ್ತಿ ಒಣಗಿರಬೇಕು. ಬೈತಲೆ ತೆಗೆದು ಚರ್ಮಕ್ಕೆ ಬೀಳುವಂತೆ ಹಚ್ಚಿ. ಕೂದಲಿಗೆ ಬಿದ್ದದ್ದು ವ್ಯರ್ಥ. ನಾಲ್ಕು ಗಂಟೆ ತಲೆ ತೊಳೆಯಬೇಡಿ. ಮಲಗುವ ಎರಡು ಗಂಟೆ ಮೊದಲೇ ಹಚ್ಚಿ, ಇಲ್ಲವಾದರೆ ದಿಂಬಿಗೆ ತಾಗಿ ಮುಖದಲ್ಲೂ ಕೂದಲು ಬರಬಹುದು. ಮನೆಯಲ್ಲಿ ಬೆಕ್ಕಿದ್ದರೆ ತೀರಾ ಹುಷಾರು, ಅದಕ್ಕೆ ಇದು ವಿಷ. ಕೆರೆತ ಬಂದರೆ ಅದು ಹೆಚ್ಚಾಗಿ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ, ಫೋಮ್‌ಗೆ ಬದಲಾಯಿಸಿ. ಎರಡರಿಂದ ಎಂಟು ವಾರಗಳ ನಡುವೆ ಉದುರುವಿಕೆ ಹೆಚ್ಚಬಹುದು. ಹಳೆಯ ಕೂದಲನ್ನು ತಳ್ಳಿ ಹೊಸದು ಬರುವ ಹಂತ ಅದು. ಹೆಚ್ಚಿನವರು ಹೆದರಿ ಬಿಡುವುದು ಇಲ್ಲೇ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಒಣ ಕೂದಲು ಎಂದಿಟ್ಟುಕೊಂಡು ಫೋಟೊ ತೆಗೆಯಿರಿ. ಆರು ತಿಂಗಳಿಗೆ ಮೊದಲು ಅಭಿಪ್ರಾಯ ಬೇಡ.

ಫಿನಾಸ್ಟರೈಡ್ 1 ಮಿಗ್ರಾಂ ಮಾತ್ರೆಯನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ರಕ್ತದ ಡಿಎಚ್‌ಟಿಯನ್ನು ಅದು ಸುಮಾರು 70% ಇಳಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಖಿನ್ನತೆ ಇದ್ದವರು ಅಥವಾ ಹಿಂದೆ ಇದ್ದವರು ಅದನ್ನು ಮುಚ್ಚಿಡದೆ ಹೇಳಲೇಬೇಕು, ಏಕೆಂದರೆ ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. 'ಜೀವನಪೂರ್ತಿ' ಎಂಬ ಹೆದರಿಕೆ ಬೇಡ. ಉತ್ತಮವಾದದ್ದು ಬಂದ ದಿನ ಬದಲಾಯಿಸಬಹುದು. ಅಲ್ಲಿಯವರೆಗೆ ಬದಲಾಯಿಸಲು ಕೂದಲು ಉಳಿದಿರಬೇಕು.

ಪ್ರಯೋಗದಲ್ಲೇ ಸೇರುವ ಆಸೆಯಿದ್ದರೆ ನೇರ ದಾರಿಯಿದೆ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗ ಸಿಟಿಆರ್‌ಐ ಎಂಬ ಸರ್ಕಾರಿ ತಾಣದ ನೋಂದಣಿಯಲ್ಲಿರಬೇಕು. 2009ರಿಂದ ಇದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿ, ಆ ತಾಣದಲ್ಲಿ ಹುಡುಕಿ ನೋಡಿ, ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ 2019ರ ನಿಯಮಗಳು ಕೊಡಿಸುತ್ತವೆ. ಪ್ರಯೋಗದ ಔಷಧಕ್ಕೆ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ವ್ಯಾಪಾರ, ಎದ್ದು ಬನ್ನಿ.

ಪ್ರಶ್ನೆ: ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಎಕ್ಸೋಸೋಮ್, ಸ್ಟೆಮ್ ಸೆಲ್ ಪ್ಯಾಕೇಜ್ ಹೇಳಿದ್ದಾರೆ. ಮಾಡಿಸಲೇ?

ಉತ್ತರ: ಬೇಡ. ಎಕ್ಸೋಸೋಮ್ ಎಂದರೆ ಜೀವಕೋಶಗಳು ಹೊರಬಿಡುವ ಸೂಕ್ಷ್ಮ ಕಣ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಕ್ಸೋಸೋಮ್ ಔಷಧವನ್ನೂ ಮಾನ್ಯ ಮಾಡಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಬಿಟ್ಟರೆ ಕಾಂಡಕೋಶ ಚಿಕಿತ್ಸೆಯೆಲ್ಲ ಪ್ರಯೋಗವೇ. ಬಾಟಲಿಯ ಮೇಲೆ 'ಹಚ್ಚಲು ಮಾತ್ರ' ಎಂದು ಬರೆದದ್ದನ್ನು ನೆತ್ತಿಗೆ ಚುಚ್ಚುವವರಿದ್ದಾರೆ. ಚುಚ್ಚುವ ಮೊದಲು ಲೇಬಲ್ ತೋರಿಸಲು ಹೇಳಿ, ಫೋಟೊ ತೆಗೆದುಕೊಳ್ಳಿ.

ಪ್ರಶ್ನೆ: ಹುಣಸೂರು ಕಡೆಯ ಗಿಡಮೂಲಿಕೆ ಎಣ್ಣೆ?

ಉತ್ತರ: ಕೂದಲು ನುಣುಪಾಗುತ್ತದೆ. ಬೋಳಾದ ಜಾಗದಲ್ಲಿ ಹುಟ್ಟುವುದಿಲ್ಲ. ಬೋಳು ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳಬಾರದು ಎಂದು ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಜೆ ಪಟ್ಟಿಯೇ ಹೇಳುತ್ತದೆ.

ಪ್ರಶ್ನೆ: ಬೋರ್‌ವೆಲ್ ನೀರು?

ಉತ್ತರ: ಗಡಸು ನೀರಿಗೆ ಕೂದಲು ಒರಟಾಗಿ ತುಂಡಾಗಬಹುದು, ಬುಡ ಸಾಯುವುದಿಲ್ಲ. ಫಿಲ್ಟರ್‌ಗೆ ಸುರಿಯುವ ದುಡ್ಡು ಉಳಿಸಿ.

ಪ್ರಶ್ನೆ: ಬಯೋಟಿನ್?

ಉತ್ತರ: ಇದೊಂದು ವಿಟಮಿನ್, ಕೊರತೆ ಇಲ್ಲದವರಿಗೆ ಉಪಯೋಗವಿಲ್ಲ. ಥೈರಾಯ್ಡ್, ಹೃದಯದ ಟ್ರೋಪೋನಿನ್ ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರುವಂತೆ ಮಾಡಬಹುದು.

ಪ್ರಶ್ನೆ: ಮಗಳಿಗೆ 15 ವರ್ಷ. ತೇಪೆ ತೇಪೆಯಾಗಿ ಶುರುವಾಗಿ ಈಗ ಹುಬ್ಬೂ ಸೇರಿ ಎಲ್ಲ ಹೋಗಿದೆ. ಹೊಸ ಮಾತ್ರೆ ಕೊಡಬಹುದೇ? – ಶಿವಮೊಗ್ಗದ ತಾಯಿ

ಉತ್ತರ: ಅಮ್ಮಾ, ನಿಮ್ಮ ಮಗಳದ್ದು ಮೇಲೆ ಹೇಳಿದ ಬೋಳಿನ ಜಾತಿಯಲ್ಲ. ಇದು ಅಲೋಪೇಶಿಯಾ ಏರಿಯೇಟಾ, ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ಬೀಳುವ ಕಾಯಿಲೆ. ಇಲ್ಲಿ ಹೊಸ ಔಷಧಗಳು ನಿಜಕ್ಕೂ ಬಂದಿವೆ. ಬ್ಯಾರಿಸಿಟಿನಿಬ್‌ಗೆ ದೊಡ್ಡವರಿಗಾಗಿ 2022ರಲ್ಲಿ, ರಿಟ್ಲೆಸಿಟಿನಿಬ್‌ಗೆ 12 ವರ್ಷ ಮೇಲ್ಪಟ್ಟವರಿಗಾಗಿ 2023ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು. ಬ್ಯಾರಿಸಿಟಿನಿಬ್ 4 ಮಿಗ್ರಾಂ ತೆಗೆದುಕೊಂಡ ವಯಸ್ಕರಲ್ಲಿ 36 ವಾರಕ್ಕೆ ಮೂರರಲ್ಲೊಬ್ಬರಿಗಿಂತ ತುಸು ಹೆಚ್ಚು ಜನರ ತಲೆ 80% ತುಂಬಿತು.

ಆದರೆ ಮಾತ್ರೆಗೆ ಮೊದಲು ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕಣಗಳ ಎಣಿಕೆ, ಯಕೃತ್ತು, ಕೊಬ್ಬಿನ ಅಂಶ ಇಷ್ಟೂ ಆಗಬೇಕು. ಟಿಬಿ ಒಳಗೇ ಅಡಗಿರುವವರು ನಮ್ಮಲ್ಲಿ ಬಹಳ; ಈ ಮಾತ್ರೆಗಳು ಅದನ್ನು ಎಬ್ಬಿಸಬಲ್ಲವು. ಬಾಕಿಯಿರುವ ಲಸಿಕೆಗಳನ್ನು ಮೊದಲೇ ಹಾಕಿಸಿ, ಮಾತ್ರೆ ಶುರುವಾದ ಮೇಲೆ ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ಲಸಿಕೆ) ಕೊಡುವಂತಿಲ್ಲ. ನಿಲ್ಲಿಸಿದರೆ ಕೂದಲು ಮತ್ತೆ ಉದುರುವುದು ಸಾಮಾನ್ಯ, ಮಗಳಿಗೆ ಇದನ್ನು ಮುಂಚೆಯೇ ಹೇಳಿಬಿಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಶುರು ಮಾಡುವ ಔಷಧ ಇದಲ್ಲ. ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ಹೋಗುವಾಗ ಅವಳ ಲಸಿಕೆ ಕಾರ್ಡು, ಹಿಂದೆ ಕೊಟ್ಟ ಸ್ಟೀರಾಯ್ಡ್ ಚೀಟಿಗಳು ಕೈಯಲ್ಲಿರಲಿ.